ಬಳ್ಳಿಯ ತಪ್ಪೇನೂ ಇಲ್ಲ



ಕಳೆದ ಮಳೆಗಾಲದ ಒಂದು ಬೆಳಗ್ಗೆ ಮೂಡುಬಿದಿರೆಯ ನಮ್ಮ ಮನೆಯ ಗೇಟಿನ ಬಳಿ ಯಾರೋ "ಟೀಚರ್, ಟೀಚರ್" ಎಂದು ಕರೆದರು. ಹೊರಗೆ ಬಂದು ನೋಡಿದರೆ ಮಳೆಯಂಗಿ ತೊಟ್ಟು, ಕೈಯಲ್ಲಿ ಉದ್ದನೆಯ ದೋಟಿ ಹಿಡಿದು ನಿಂತಿದ್ದ ಲೈನ್‌ಮನ್. ಬಂಟ್ವಾಳ ತಾಲೂಕಿನ ಶಾಲೆಯಲ್ಲಿ ನನ್ನಿಂದ ಮೂರು ವರ್ಷ ವಿಜ್ಞಾನ ಕಲಿತ ಹುಡುಗ. ಈಗ ಅವನ ತಲೆಯೂ ಅರ್ಧ ನರೆತಿದೆ. ಮೂರು ದಿನಗಳಿಂದ ನಮ್ಮ ಬೀದಿಗೆ ವಿದ್ಯುತ್ ಬಂದು ಹೋಗುತ್ತಿತ್ತು. ಆ ಬಗ್ಗೆ ದೂರವಾಣಿಯಲ್ಲಿ ದೂರು ಕೊಟ್ಟವಳೂ ನಾನೇ, ಒಂದಲ್ಲ, ಮೂರು ಸಲ. ಅವನು ಏನೂ ಹೇಳದೆ ನಮ್ಮ ಆವರಣ ಗೋಡೆಯ ಹೊರಗಿನ ಕಂಬವನ್ನು ತೋರಿಸಿದ. ನಾನು ಯಾವಾಗಲೋ ಬಾಟಲಿಯಿಂದ ತೆಗೆದು ಗೋಡೆಯ ಬುಡದಲ್ಲಿ ಊರಿದ್ದ ಮನಿ ಪ್ಲಾಂಟ್ ಗೋಡೆ ಹತ್ತಿ, ಗೋಡೆಯಿಂದ ಕಂಬದ ಆಧಾರತಂತಿಗೆ ದಾಟಿ, ತಂತಿಯ ಗುಂಟ ಏರಿ, ಕಂಬದ ತಲೆಯಲ್ಲಿ ಮೊರದಗಲದ ಎಲೆಗಳನ್ನು ಬಿಚ್ಚಿ ನಿಂತಿತ್ತು!

"ಹಸಿ ಬಳ್ಳಿ ವಿದ್ಯುತ್ತನ್ನು ಹರಿಯಬಿಡುತ್ತದೆ ಎಂದು ಪಾಠ ಮಾಡಿದವರು ನೀವೇ ಅಲ್ಲವೇ ಟೀಚರ್?" ಎಂದು ಅವನು ನಕ್ಕ. ನನಗೆ ನಾಚಿಕೆಯಾಯಿತು. "ಹಾಳು ಬಳ್ಳಿ" ಎಂದು ಬೈದು ಆ ನಾಚಿಕೆಯನ್ನು ಮುಚ್ಚಿಕೊಳ್ಳಲು ನೋಡಿದೆ. ಅದಕ್ಕೆ ಅವನು ಹೇಳಿದ ಮಾತು ನನ್ನನ್ನು ಇಷ್ಟು ದಿನ ಬಿಡದೆ ಕಾಡಿದೆ. "ಬಳ್ಳಿಯ ತಪ್ಪೇನೂ ಇಲ್ಲ ಟೀಚರ್. ಅದಕ್ಕೆ ಕಂಬವೂ ಒಂದೇ, ಮರವೂ ಒಂದೇ. ನೆಟ್ಟವರು ನೋಡಿಕೊಳ್ಳಬೇಕಿತ್ತು."

ಶಿಷ್ಯನಿಂದ ಕಲಿತ ಈ ಪಾಠವನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಇದರಲ್ಲಿ ನಮ್ಮ ಬಂಧುಗಳಿಗೆ ನೇರವಾಗಿ ಹೇಳಬೇಕಾದ ಒಂದು ಮಾತೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಸ್ವಲ್ಪ ಪಾಠ. ಅಭ್ಯಾಸಬಲ, ಕ್ಷಮಿಸಿ.

ತನ್ನ ಭಾರವನ್ನು ತಾನು ಹೊರಲಾರದ ಸಸ್ಯವೇ ಬಳ್ಳಿ. ಮರವು ತನ್ನ ಆಯುಷ್ಯದ ಬಹುಪಾಲು ದುಡಿಮೆಯನ್ನು ಕಾಂಡ ಕಟ್ಟುವುದರಲ್ಲೇ ಕಳೆಯುತ್ತದೆ. ಬಳ್ಳಿ ಆ ಖರ್ಚನ್ನು ಉಳಿಸಿ ಇನ್ನೊಬ್ಬರ ಹೆಗಲೇರಿ ಬೇಗನೆ ಬೆಳಕಿಗೆ ಮುಖ ಒಡ್ಡುತ್ತದೆ. ಏರುವ ದಾರಿಗಳು ಹಲವು. ಅವರೆ, ಅಲಸಂಡೆ, ಬಸಳೆಗಳು ಕಾಂಡವನ್ನೇ ಸುತ್ತಿ ಏರುತ್ತವೆ. ಹಾಗಲ, ಪಡವಲ, ತೊಂಡೆಗಳು ತಂತುಗಳನ್ನು ಚಾಚಿ ಹಿಡಿಯುತ್ತವೆ. ಕರಿಮೆಣಸು, ವೀಳ್ಯದೆಲೆ, ಮನಿ ಪ್ಲಾಂಟ್‌ಗಳು ಗೆಣ್ಣುಗಳಿಂದ ಬೇರು ಬಿಟ್ಟು ಅಂಟಿಕೊಳ್ಳುತ್ತವೆ. ಬೆತ್ತವು ಮುಳ್ಳಿನ ಕೊಕ್ಕೆ ಹಾಕಿ ಜೋತು ಮೇಲೇರುತ್ತದೆ. ಗೌರಿ ಹೂವಿನ ಬಳ್ಳಿಗೆ ಎಲೆಯ ತುದಿಯೇ ಕೈ.

ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಶಾಲೆಯ ಕೈತೋಟದಲ್ಲಿ ಅಲಸಂಡೆಯ ಬಳ್ಳಿಯನ್ನು ಕೋಲಿನಿಂದ ಬಿಡಿಸಿ, ವಿರುದ್ಧ ದಿಕ್ಕಿನಲ್ಲಿ ಸುತ್ತಿ, ನೂಲಿನಿಂದ ಕಟ್ಟಿಸುತ್ತಿದ್ದೆ. ಎರಡು ದಿನ ಕಳೆಯುವಷ್ಟರಲ್ಲಿ ಬಳ್ಳಿಯ ಎಳೆಯ ತುದಿ ನಾವು ಕಟ್ಟಿದ ದಿಕ್ಕನ್ನು ಬಿಟ್ಟು ತನ್ನ ದಿಕ್ಕಿಗೇ ತಿರುಗಿ ಏರುತ್ತಿತ್ತು. "ಅದಕ್ಕೆ ಹಟ ಟೀಚರ್" ಎನ್ನುತ್ತಿದ್ದಿರಿ. ಹಾಗಲದ ತಂತು ಎರಡೂ ತುದಿ ಬಿಗಿಯಾದ ಮೇಲೆ ಅರ್ಧದವರೆಗೆ ಒಂದು ಕಡೆಗೆ, ಉಳಿದರ್ಧ ಇನ್ನೊಂದು ಕಡೆಗೆ ಸುರುಳಿಯಾಗಿ ಸ್ಪ್ರಿಂಗಿನಂತೆ ಆಗುವುದನ್ನು ಭೂತಗನ್ನಡಿಯಲ್ಲಿ ನೋಡಿದ್ದೆವು. ಗಾಳಿ ಜಗ್ಗಿದರೆ ತಂತು ಹಿಗ್ಗುತ್ತದೆ, ಹರಿಯುವುದಿಲ್ಲ. ಚಾರ್ಲ್ಸ್ ಡಾರ್ವಿನ್ ಮಹಾಶಯನು ಅನಾರೋಗ್ಯದಿಂದ ಕೋಣೆಯಲ್ಲೇ ಇರಬೇಕಾದಾಗ ಹಾಪ್ ಎಂಬ ಬಳ್ಳಿಯ ಕುಂಡವನ್ನು ಬಳಿಯಲ್ಲಿಟ್ಟುಕೊಂಡು, ಅದರ ತುದಿ ಸುಮಾರು ಎರಡು ಗಂಟೆಗೊಮ್ಮೆ ಒಂದು ಸುತ್ತು ತಿರುಗುವುದನ್ನು ಹಗಲಿರುಳು ಗುರುತು ಹಾಕಿಕೊಂಡನು. ಏರುಬಳ್ಳಿಗಳ ಚಲನೆಯ ಕುರಿತ ಅವನ ದೀರ್ಘ ಪ್ರಬಂಧ 1865ರಲ್ಲಿ ಬಂದಿತು, 1875ರಲ್ಲಿ ಪುಸ್ತಕವಾಯಿತು. ನಮಗೆ ನಿಶ್ಚಲವಾಗಿ ಕಾಣುವ ಬಳ್ಳಿ ವಾಸ್ತವದಲ್ಲಿ ಸದಾ ಗಾಳಿಯಲ್ಲಿ ಕೈಯಾಡಿಸುತ್ತಾ ಆಸರೆಯನ್ನು ತಡಕಾಡುತ್ತಿರುತ್ತದೆ. ಸಿಕ್ಕಿದ್ದು ಬಿದಿರ ಕೋಲೋ, ವಿದ್ಯುತ್ ಕಂಬವೋ, ಅಜ್ಜನ ಮನೆಯ ಮಾಡೋ ಎಂಬ ವಿಚಾರ ಅದಕ್ಕಿಲ್ಲ.

ಈ ಪಾಠವನ್ನು ನಮ್ಮ ಹಿರಿಯರು ಡಾರ್ವಿನ್ನನಿಗಿಂತ ಎಷ್ಟೋ ಮೊದಲೇ ಕಲಿತಿದ್ದರು. ಬಳ್ಳಿಗೆ ಆಸರೆ ಬೇಕು. ಅದನ್ನು ನಾವು ಕೊಡದಿದ್ದರೆ ಅದೇ ಹುಡುಕಿಕೊಳ್ಳುತ್ತದೆ. ಆದುದರಿಂದ ನಾವೇ ಕೊಡುವುದು ಮೇಲು ಎಂಬುದು ಅವರ ತಿಳಿವಳಿಕೆ. ನಮ್ಮ ಊರುಗಳಲ್ಲಿ ಬಾವಿಕಟ್ಟೆಯ ಪಕ್ಕದ ಬಸಳೆ ಚಪ್ಪರ ಇದರ ಫಲ. ಅಡಕೆ ಮರದ ಸಲಿಕೆ, ನಾಲ್ಕು ಕವೆಗೋಲು, ಬಾಳೆಯ ನಾರು ಇಷ್ಟಿದ್ದರೆ ಚಪ್ಪರ ಸಿದ್ಧ. ಪಾತ್ರೆ ತೊಳೆದ ನೀರು ಬುಡಕ್ಕೆ, ಒಲೆಯ ಬೂದಿ ಎಲೆಗೆ. ಚಪ್ಪರದಿಂದ ಹೊರಗೆ ತಲೆ ಹಾಕಿದ ದಂಟು ಅಂದಿನ ಪದಾರ್ಥಕ್ಕೆ. ಬಳ್ಳಿ ಎಲ್ಲೆ ಮೀರುವುದು ಹೇಗೆ ಸಾಧ್ಯ? ಮೀರಿದ್ದನ್ನೆಲ್ಲ ನಾವು ಬೇಳೆಯ ಜೊತೆಗೋ, ಹಲಸಿನ ಬೀಜದ ಜೊತೆಗೋ, ಸಿಗಡಿಯ ಜೊತೆಗೋ ಬೇಯಿಸಿ ಉಂಡಿರುತ್ತಿದ್ದೆವಲ್ಲ!

ಅಡಕೆ ಮರಕ್ಕೆ ಹಬ್ಬಿಸಿದ ಕರಿಮೆಣಸಿನ ಕಥೆಯೂ ಇದೇ. ಮೆಣಸಿನ ಬಳ್ಳಿ ಅಡಕೆ ಮರದ ರಸ ಹೀರುತ್ತದೆ ಎಂದು ನಂಬಿರುವವರು ಇಂದಿಗೂ ಇದ್ದಾರೆ. ಅದು ಸರಿಯಲ್ಲ. ಬಂದಣಿಕೆಯಂತೆ ಅದು ಪರಾವಲಂಬಿಯಲ್ಲ. ಅದರ ಗೆಣ್ಣಿನ ಬೇರುಗಳು ಮರದ ತೊಗಟೆಯನ್ನು ಹಿಡಿಯುತ್ತವೆಯೇ ಹೊರತು ಒಳಗೆ ಇಳಿಯುವುದಿಲ್ಲ. ಅದರ ಊಟವೆಲ್ಲ ನೆಲದ ಬೇರಿನಿಂದ ಮತ್ತು ಎಲೆಯಿಂದ. ಆದರೆ ಅದು ಬಾಳಬೇಕಾದರೆ ವರ್ಷಕ್ಕೊಮ್ಮೆಯಾದರೂ ಒಬ್ಬರ ಕೈ ತಾಗಬೇಕು. ಜೋತ ತುದಿಯನ್ನು ಮರಕ್ಕೆ ಕಟ್ಟಬೇಕು, ಬುಡದಲ್ಲಿ ನೀರು ನಿಲ್ಲದಂತೆ ನೋಡಬೇಕು, ನೆಲದಲ್ಲಿ ಹರಿದ ಕುಡಿಗಳನ್ನು ತೆಗೆಯಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಸೊರಗು ರೋಗ ಬಂದು ಒಂದೇ ವಾರದಲ್ಲಿ ಎಲೆಯೆಲ್ಲ ಉದುರಿಸಿಕೊಂಡು ನಿಲ್ಲುತ್ತದೆ. ನಮ್ಮಲ್ಲಿ ಬಳ್ಳಿಯೂ ಮನುಷ್ಯನೂ ಹೀಗೆ ಕೈಕೈ ಹಿಡಿದು ಬಾಳಿದವರು.

ಕೈ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ನನ್ನ ತವರುಮನೆಯಲ್ಲಿ ಕಂಡೆ.

ಬಂಧುಗಳಿಗೆಲ್ಲ ತಿಳಿದಂತೆ, ಬೆಳ್ತಂಗಡಿ ತಾಲೂಕಿನ ನಮ್ಮ ಮನೆಯಲ್ಲಿ ಅಮ್ಮ 2017ರವರೆಗೆ ಇದ್ದರು. ಮುರಕಲ್ಲಿನ ಅಡಿಪಾಯ, ಮಣ್ಣಿನ ಗೋಡೆ, ಮಂಗಳೂರು ಹಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನಮ್ಮ ಜಿಲ್ಲೆಯ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪಾದವು. ನಮ್ಮದೂ ಹಾಗೆ ಕೆಂಪಾದ ಮನೆ. ಅಡುಗೆಕೋಣೆಯ ಹಿಂದಿನ ಹಲಸಿನ ಮರಕ್ಕೆ ಅಮ್ಮ ಒಂದು ಕರಿಮೆಣಸಿನ ಬಳ್ಳಿ ಹಬ್ಬಿಸಿದ್ದರು. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಏಣಿ ಇಡಿಸಿ ಅದನ್ನು ಕಟ್ಟಿಸುವರು. ಮಾಡಿನ ಕಡೆಗೆ ಮುಖ ಮಾಡಿದ ಕುಡಿಯನ್ನು ಚಿವುಟುವರು. "ಅದಕ್ಕೆ ಮನೆಯೊಳಗೆ ಬರುವ ಆಸೆ" ಎನ್ನುತ್ತಿದ್ದರು.

ಅಮ್ಮ ಹೋದ ಮೇಲೆ ಬೀಗ ಹಾಕಿದೆವು. ತಮ್ಮಂದಿರಲ್ಲಿ ಒಬ್ಬ ಬೆಂಗಳೂರಿನಲ್ಲಿ, ಒಬ್ಬ ಅಮೆರಿಕೆಯಲ್ಲಿ. "ಅಕ್ಕ ಹತ್ತಿರದಲ್ಲೇ ಇದ್ದಾಳೆ, ನೋಡಿಕೊಳ್ಳುತ್ತಾಳೆ" ಎಂದು ಅವರು ಅಂದುಕೊಂಡರು. "ಮದುವೆಯಾಗಿ ಹೊರಟವಳು ನಾನು, ಮನೆ ತಮ್ಮಂದಿರದ್ದು, ಅವರು ನೋಡಿಕೊಳ್ಳುತ್ತಾರೆ" ಎಂದು ನಾನು ಅಂದುಕೊಂಡೆ. ಯಾರೂ ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಮೊದಲ ಎರಡು ವರ್ಷ ಒಂದೆರಡು ಸಲ ಹೋಗಿ ಅಂಗಳ ಗುಡಿಸಿ ಬಂದೆವು. 2019ರ ಆಗಸ್ಟ್ ತಿಂಗಳಲ್ಲಿ ಚಾರ್ಮಾಡಿಯ ಕಡೆ ಪ್ರವಾಹ, ಭೂಕುಸಿತ ಎಂದು ಆ ಮಳೆಗಾಲ ಹೋಗಲಿಲ್ಲ. 2020ರಲ್ಲಿ ಲಾಕ್‌ಡೌನ್. 2021ರಲ್ಲಿ ಮತ್ತೆ ಅದೇ ರೋಗದ ಭಯ. ಹೀಗೆ ಮೂರು ಮಳೆಗಾಲಗಳು ಯಾರ ಕೈಯೂ ತಾಗದೆ ಕಳೆದವು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆಯಲ್ಲಿ ಮೂರು ಮಳೆಗಾಲವೆಂದರೆ ಬಳ್ಳಿಗೆ ಒಂದು ಯುಗವೇ ಸರಿ.

ಕೊನೆಗೊಮ್ಮೆ ಹೋದಾಗ ಓಣಿಯ ತಿರುವಿನಲ್ಲಿ ಕಾಣಬೇಕಿದ್ದ ಕೆಂಪು ಮಾಡು ಕಾಣಲಿಲ್ಲ. ಹಸಿರು ದಿಬ್ಬವೊಂದು ಕಂಡಿತು. ಒಂದು ಪಕ್ಕದಿಂದ ನೆರೆಯ ರಬ್ಬರ್ ತೋಟದ ಮ್ಯುಕುನಾ ಬಳ್ಳಿ ದರೆ ಇಳಿದು ಬಂದು ಇಡೀ ಮಾಡಿಗೆ ಹೊದಿಕೆ ಹಾಸಿತ್ತು. ಇನ್ನೊಂದು ಪಕ್ಕದಿಂದ ಅಮ್ಮನ ಕರಿಮೆಣಸು ಹಲಸಿನ ಮರ ಬಿಟ್ಟು ಗೋಡೆಗೆ ಅಂಟಿ ಏರಿತ್ತು. ಬೀಗ ತೆಗೆದು ಒಳಗೆ ಹೋದೆ. ಅಡುಗೆಕೋಣೆಯ ಕತ್ತಲಲ್ಲಿ, ಹಂಚಿನ ಸಂದಿನಿಂದ ಇಳಿದ ಒಂದು ಕುಡಿ ಬಣ್ಣವಿಲ್ಲದೆ ದಾರದಂತೆ ಬಿಳುಪಾಗಿ, ಎಲೆಯೇ ಇಲ್ಲದೆ, ಮಾಡಿನ ಗಾಜಿನ ಹಂಚಿನಿಂದ ಬೀಳುತ್ತಿದ್ದ ಬೆಳಕಿನ ಕಡೆಗೆ ಮಾರುದ್ದ ಚಾಚಿಕೊಂಡಿತ್ತು. ಬೆಳಕಿಲ್ಲದ ಕಡೆ ಸಸ್ಯ ಹಸಿರನ್ನು ಮಾಡಿಕೊಳ್ಳದೆ, ಇದ್ದ ಶಕ್ತಿಯನ್ನೆಲ್ಲ ಉದ್ದ ಬೆಳೆಯುವುದಕ್ಕೇ ವ್ಯಯಿಸುತ್ತದೆ ಎಂದು ಮೂವತ್ತು ವರ್ಷ ಪಾಠ ಹೇಳಿದ್ದೆ. ಅಂದು ಅಮ್ಮನ ಒಲೆಯ ಮೇಲೆ ಅದನ್ನು ಕಂಡಾಗ ಪಾಠ ನೆನಪಾಗಲಿಲ್ಲ. ಅಮ್ಮನ ಮಾತು ನೆನಪಾಯಿತು.

ಅಡುಗೆಕೋಣೆಯನ್ನು ಉಳಿಸಲಾಗಲಿಲ್ಲ. ಅದು ಕೆಟ್ಟ ಬಗೆಯನ್ನು ಹೇಳುತ್ತೇನೆ, ಏಕೆಂದರೆ ನಿಮ್ಮಲ್ಲಿ ಅನೇಕರ ಊರಿನ ಮನೆಗಳೂ ಇಂದು ಇದೇ ಸ್ಥಿತಿಯಲ್ಲಿವೆ. ಬಳ್ಳಿಯ ಕುಡಿ ನೂಲಿನಷ್ಟು ತೆಳ್ಳಗಿರುವಾಗ ಹಂಚಿನ ಅಡಿಗೆ ನುಸುಳುತ್ತದೆ. ಆಮೇಲೆ ದಪ್ಪವಾಗಿ ಹಂಚನ್ನು ಬೆರಳಗಲ ಎತ್ತುತ್ತದೆ. ಉದುರಿದ ಎಲೆ ಹಂಚಿನ ಸಾಲಿನಲ್ಲಿ ಕೊಳೆತು ನೀರಿನ ದಾರಿಯನ್ನು ಕಟ್ಟುತ್ತದೆ. ನೀರು ಒಳಗೆ ಇಳಿದು ರೀಪು, ಪಕ್ಕಾಸುಗಳು ಒದ್ದೆಯಾಗುತ್ತವೆ. ಒದ್ದೆ ಮರಕ್ಕೆ ಗೆದ್ದಲು ಬರುತ್ತದೆ. ಪಕ್ಕಾಸು ಕುಸಿದ ದಿನ ಮಣ್ಣಿನ ಗೋಡೆಯ ತಲೆ ಬಯಲಾಗುತ್ತದೆ. ತಲೆ ಬಯಲಾದ ಮಣ್ಣಿನ ಗೋಡೆಯನ್ನು ಕರಗಿಸಲು ನಮ್ಮ ಆಷಾಢದ ಮಳೆಗೆ ಹೆಚ್ಚು ದಿನ ಬೇಡ. ಇಷ್ಟಕ್ಕೂ ಆರಂಭದಲ್ಲಿ ಬೇಕಾದದ್ದು ಎರಡು ಬೆರಳಿನ ಒಂದು ಚಿವುಟು ಮಾತ್ರ.

ಆಗ ಊರಿನವರೊಬ್ಬರು "ಬಳ್ಳಿ ಮನೆಯನ್ನು ತಿಂದುಹಾಕಿತು" ಎಂದರು. ನಾನೂ ಒಪ್ಪಿಕೊಂಡಿದ್ದೆ. ಈಗ ಒಪ್ಪುವುದಿಲ್ಲ.

ಬಳ್ಳಿ ಗೋಡೆಯನ್ನು ಯಾವಾಗಲೂ ಕೆಡಿಸುತ್ತದೆ ಎಂಬುದೇ ಸರಿಯಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲಿಷ್ ಹೆರಿಟೇಜ್ ಸಂಸ್ಥೆಗಾಗಿ ಅಲ್ಲಿನ ಹಳೆಯ ಕಟ್ಟಡಗಳ ಮೇಲೆ ಹಬ್ಬಿದ ಐವಿ ಬಳ್ಳಿಯನ್ನು ಪರೀಕ್ಷಿಸಿ 2010ರಲ್ಲಿ ವರದಿ ಕೊಟ್ಟರು. ಗಟ್ಟಿಯಾದ ಗೋಡೆಯ ಮೇಲೆ ಬಳ್ಳಿಯ ಹೊದಿಕೆ ಬಿಸಿಲು-ಚಳಿಗಳ ಏರಿಳಿತವನ್ನು ತಗ್ಗಿಸಿ, ಹೊಗೆ-ಧೂಳನ್ನು ತಡೆದು, ಗೋಡೆಯನ್ನು ಕಾಪಾಡುತ್ತದೆ ಎಂದು ಅವರಿಗೆ ಕಂಡುಬಂತು. ಆದರೆ ಮೊದಲೇ ಬಿರುಕು, ತೂತುಗಳಿರುವ ಗೋಡೆಯಲ್ಲಿ ಅದೇ ಬಳ್ಳಿ ಬೇರಿಳಿಸಿ ಹಾನಿ ಮಾಡುತ್ತದೆ. ಅಂದರೆ ಬಳ್ಳಿ ಬಿರುಕನ್ನು ಹುಟ್ಟಿಸುವುದಕ್ಕಿಂತ ಇದ್ದ ಬಿರುಕನ್ನು ಹುಡುಕಿ ದೊಡ್ಡದು ಮಾಡುತ್ತದೆ. ಇಂಗ್ಲೆಂಡಿನ ಕಲ್ಲಿನ ಗೋಡೆಗೆ ಒಪ್ಪುವ ಮಾತು ನಮ್ಮ ಮಣ್ಣಿನ ಗೋಡೆಗೂ, ತೂತು ತೂತಾದ ಮುರಕಲ್ಲಿಗೂ ಪೂರ್ತಿಯಾಗಿ ಒಪ್ಪಬೇಕೆಂದಿಲ್ಲ. ಆದರೂ ಅದರ ಸಾರ ನಮಗೆ ಸಾಕು.

ಮ್ಯುಕುನಾದ ವಿಷಯವನ್ನೇ ನೋಡಿ. ಅದು ತಾನಾಗಿ ಬೆಳ್ತಂಗಡಿಗೆ ನಡೆದು ಬಂದುದಲ್ಲ. ಈಶಾನ್ಯ ಭಾರತದ ಕಾಡಿನ ಬಳ್ಳಿ; ರಬ್ಬರ್ ತೋಟದಲ್ಲಿ ಮಣ್ಣು ಕೊಚ್ಚಿ ಹೋಗದಿರಲಿ, ಕಳೆ ಏಳದಿರಲಿ, ಗಾಳಿಯ ಸಾರಜನಕ ಮಣ್ಣಿಗೆ ಸೇರಲಿ ಎಂದು ನಾವೇ ತಂದು ನೆಟ್ಟೆವು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಒಳ್ಳೆಯ ಮಳೆಯಲ್ಲಿ ದಿನಕ್ಕೆ ಹತ್ತು ಸೆಂಟಿಮೀಟರಿಗೂ ಹೆಚ್ಚು ಹರಿಯುತ್ತದೆ, ದನಗಳು ಅದನ್ನು ಇಷ್ಟಪಟ್ಟು ಮೇಯುವುದಿಲ್ಲ. ಹೀಗಿರುವಾಗ ತೋಟದ ಅಂಚಿನಲ್ಲಿ ಕತ್ತಿ ಹಿಡಿಯುವವರು ಬೇಕೇ ಬೇಕು. ಅಮೆರಿಕೆಯಲ್ಲಿರುವ ಬಂಧುಗಳು ಅಲ್ಲಿನ ದಕ್ಷಿಣ ರಾಜ್ಯಗಳಲ್ಲಿ ಮನೆ, ಮರ, ಕಂಬಗಳನ್ನೆಲ್ಲ ಮುಚ್ಚಿದ ಕುಡ್ಜು ಬಳ್ಳಿಯನ್ನು ಕಂಡಿರಬಹುದು. ಅದು ಜಪಾನಿನಿಂದ 1876ರ ಫಿಲಡೆಲ್ಫಿಯಾ ಪ್ರದರ್ಶನಕ್ಕೆ ಅಲಂಕಾರದ ಬಳ್ಳಿಯಾಗಿ ಬಂದದ್ದು. 1930ರ ದಶಕದಲ್ಲಿ ಮಣ್ಣಿನ ಸವಕಳಿ ತಡೆಯಲೆಂದು ಸರಕಾರವೇ ರೈತರಿಗೆ ಹಣ ಕೊಟ್ಟು ನೆಡಿಸಿತು. ಅಲ್ಲಿಯೂ ಇಲ್ಲಿಯೂ ಕಥೆ ಒಂದೇ: ನೆಡುವಾಗ ಇದ್ದ ಉತ್ಸಾಹ ನೋಡಿಕೊಳ್ಳುವಾಗ ಇರಲಿಲ್ಲ.

2024ರ ಫೆಬ್ರವರಿಯಲ್ಲಿ ಅಮೆರಿಕೆಯ ತಮ್ಮ ರಜೆಯ ಮೇಲೆ ಬಂದಿದ್ದ. ಇಬ್ಬರೂ ಕೂಡಿ ಬಿದ್ದ ಅಡುಗೆಕೋಣೆಯನ್ನು ನೋಡಿ, ಹೆಚ್ಚು ಮಾತಾಡದೆ, ಅಲ್ಲಿಂದ ವೇಣೂರಿಗೆ ಹೋದೆವು. ಅಲ್ಲಿ ಹನ್ನೆರಡು ವರ್ಷಗಳ ಬಳಿಕ ಗೊಮ್ಮಟೇಶ್ವರನಿಗೆ ಮಹಾಮಸ್ತಕಾಭಿಷೇಕ ನಡೆಯುತ್ತಿತ್ತು. 1604ರಲ್ಲಿ ತಿಮ್ಮಣ್ಣ ಅಜಿಲ ಅರಸರು ಫಲ್ಗುಣಿ ನದಿಯ ದಡದಲ್ಲಿ ನಿಲ್ಲಿಸಿದ 35 ಅಡಿಯ ಮೂರ್ತಿ ಅದು. ಚಿಕ್ಕವಳಿದ್ದಾಗ ಅಪ್ಪನ ಕೈಹಿಡಿದು ನೋಡಿದ್ದೆ, ಆಮೇಲೆ ಎಷ್ಟೋ ಸಲ ಶಾಲಾ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಆದರೆ ಅಂದು ನನ್ನ ಕಣ್ಣು ಮುಖದ ಮಂದಹಾಸಕ್ಕಿಂತ ಮೊದಲು ಕಾಲು, ತೋಳುಗಳನ್ನು ಸುತ್ತಿ ಏರಿದ ಕಲ್ಲಿನ ಬಳ್ಳಿಯ ಮೇಲೆ ಹೋಯಿತು.

ಆ ಬಳ್ಳಿ ಏಕೆ ಅಲ್ಲಿದೆ ಎಂದು ನಿಮಗೆ ಗೊತ್ತು. ಅಣ್ಣ ಭರತನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದ ಬಾಹುಬಲಿ, ಗೆದ್ದ ಗಳಿಗೆಯಲ್ಲೇ ರಾಜ್ಯವನ್ನು ತೊರೆದು ತಪಸ್ಸಿಗೆ ನಿಂತ. ಒಂದು ವರ್ಷ ಅಲುಗದೆ ನಿಂತ. ಕಾಲಬುಡದಲ್ಲಿ ಹುತ್ತ ಬೆಳೆಯಿತು, ಮಾಧವೀಲತೆ ಮೈಯೇರಿತು. ಪಂಪನು 941ರಲ್ಲಿ ಮುಗಿಸಿದ ಆದಿಪುರಾಣದಲ್ಲಿ ಈ ಕಥೆಯನ್ನು ಕನ್ನಡಕ್ಕೆ ತಂದ. ಶ್ರವಣಬೆಳಗೊಳ, ಕಾರ್ಕಳ, ವೇಣೂರುಗಳಲ್ಲಿಯೂ, ನಮ್ಮ ಕಾಲದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಡೆದು 1982ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಮೂರ್ತಿಯಲ್ಲಿಯೂ ಆ ಬಳ್ಳಿ ಇದೆ. ಒಬ್ಬ ಮನುಷ್ಯ ಎಷ್ಟು ಕಾಲ ನಿಶ್ಚಲನಾಗಿ ನಿಂತ ಎಂಬುದನ್ನು ಕಲ್ಲಿನಲ್ಲಿ ತೋರಿಸುವುದು ಹೇಗೆ? ಶಿಲ್ಪಿಗೆ ಸಿಕ್ಕಿದ ಅಳತೆಗೋಲು ಬಳ್ಳಿ. ಅದು ತೋಳಿನವರೆಗೆ ಏರಿದೆ ಎಂದರೆ ಒಂದು ವರ್ಷ ಕಳೆಯಿತು ಎಂದರ್ಥ. ಮಳೆನಾಡನ್ನು ಬಲ್ಲವರಿಗೆ ವಿವರಣೆ ಬೇಡ.

ತಮ್ಮ ನನ್ನನ್ನು ಕೇಳಿದ: "ಅಕ್ಕ, ಇವನ ಮೇಲೂ ಬಳ್ಳಿ, ನಮ್ಮ ಮನೆಯ ಮೇಲೂ ಬಳ್ಳಿ. ಇವನನ್ನು ನೋಡಲು ಊರಿಗೆ ಊರೇ ಬರುತ್ತದೆ, ನಮ್ಮ ಮನೆಯನ್ನು ನೋಡಿದರೆ ಅಳು ಬರುತ್ತದೆ. ವ್ಯತ್ಯಾಸ ಏನು?"

ಆ ಕ್ಷಣದಲ್ಲಿ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ. ಬಾಹುಬಲಿಯ ಮೇಲೆ ಬಳ್ಳಿ ಏರುವಾಗ ಒಳಗೆ ಒಬ್ಬ ಎಚ್ಚರವಾಗಿದ್ದ. ನಮ್ಮ ಮನೆಯ ಒಳಗೆ ಯಾರೂ ಎಚ್ಚರವಾಗಿರಲಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಆ ಕಲ್ಲಿನ ಬಳ್ಳಿ ನಾಲ್ಕು ನೂರು ವರ್ಷಗಳಿಂದ ನಮಗೆ ಕಾಣುತ್ತಿರುವುದು, ಜೀವಂತ ಬಳ್ಳಿ, ಪಾಚಿ, ಅಶ್ವತ್ಥದ ಸಸಿಗಳು ಅದರ ಮೇಲೆ ಬೇರೂರದಂತೆ ತಲೆಮಾರುಗಳ ಜನರು ನೋಡಿಕೊಂಡದ್ದರಿಂದ. ಹನ್ನೆರಡು ವರ್ಷಕ್ಕೊಮ್ಮೆ ಅಟ್ಟಳಿಗೆ ಕಟ್ಟಿ ಅಭಿಷೇಕ ಮಾಡುವುದು ಭಕ್ತರಿಗೆ ಪುಣ್ಯಕಾರ್ಯ. ನನ್ನಂಥ ವಿಜ್ಞಾನದ ಟೀಚರಿಗೆ ಅದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ: ಇಂಥ ದಿನ ಎಲ್ಲರೂ ಬಂದು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿಹೋಗಬೇಕು ಎಂಬ ಕಟ್ಟಳೆ.

ನಮ್ಮ ಸುತ್ತಲೇ ಇದಕ್ಕೆ ಸಾಕ್ಷಿಗಳಿವೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ ಟಿಪ್ಪು ಸುಲ್ತಾನನು ಜಮಾಲಾಬಾದ್ ಕೋಟೆಯನ್ನು ಕಟ್ಟಿಸಿದ್ದು 1794ರಲ್ಲಿ. ಬಸದಿಗಿಂತ ಮೂರೂವರೆ ಶತಮಾನ ಕಿರಿಯದಾದ ಕೋಟೆ ಇಂದು ಗಿಡಬಳ್ಳಿಗಳ ನಡುವಿನ ಅವಶೇಷ. ಹಿರಿಯದಾದ ಬಸದಿಯಲ್ಲಿ ಇಂದಿಗೂ ಪೂಜೆ ನಡೆಯುತ್ತಿದೆ. ಯುದ್ಧ, ರಾಜಕೀಯ ಎಂದು ಇತಿಹಾಸದ ಕಾರಣಗಳು ಬೇರೆ ಇವೆ, ಒಪ್ಪುತ್ತೇನೆ. ಆದರೆ ದಿನವೂ ಬಾಗಿಲು ತೆರೆಯುವವರು ಇರುವ ಕಟ್ಟಡಕ್ಕೂ ಇಲ್ಲದ ಕಟ್ಟಡಕ್ಕೂ ಇರುವ ಅಂತರ ಕಲ್ಲಿನ ಗಟ್ಟಿತನದ್ದಲ್ಲ. ಎರಡೂ ಕಲ್ಲೇ.

ಇತ್ತೀಚೆಗೆ ನಮ್ಮವರಲ್ಲಿ ಎರಡು ಅತಿಗಳನ್ನು ಕಾಣುತ್ತಿದ್ದೇನೆ. ಬಳ್ಳಿಯನ್ನು ಕಂಡರೆ ಹಾವು ಕಂಡಂತೆ ಬೆದರಿ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿ, ಗೋಡೆಯ ಬುಡಕ್ಕೆ ಕಳೆನಾಶಕ ಸಿಂಪಡಿಸುವವರು ಒಂದು ಕಡೆ. ಅವರ ಮನೆಯಲ್ಲಿ ಒಂದು ಹಿಡಿ ಬಸಳೆ ಬೇಕಾದರೂ ಪೇಟೆಗೆ ಹೋಗಬೇಕು; ಬಾವಿಯ ನೀರಿಗೆ ಏನು ಇಳಿಯುತ್ತಿದೆ ಎಂಬ ಯೋಚನೆ ಬೇರೆ. ಇನ್ನೊಂದು ಕಡೆ, ಚಿತ್ರದಲ್ಲಿ ಚೆಂದ ಕಾಣುತ್ತದೆಂದು ಹೊಸ ಮನೆಯ ಗೋಡೆಗೆಲ್ಲ ಅಂಟುಬಳ್ಳಿ ಹಬ್ಬಿಸಿ ಮರೆತುಬಿಡುವವರು. ನನ್ನ ಅಭಿಪ್ರಾಯದಲ್ಲಿ ಎರಡೂ ಒಂದೇ ಸೋಮಾರಿತನದ ಎರಡು ಮುಖ. ದಿನವೂ ಸ್ವಲ್ಪ ನೋಡಿಕೊಳ್ಳುವ ಕೆಲಸವನ್ನು ತಪ್ಪಿಸಿಕೊಳ್ಳಲು ಒಬ್ಬರು ಕೊಲ್ಲುತ್ತಾರೆ, ಒಬ್ಬರು ಮರೆಯುತ್ತಾರೆ.

ಅನುಭವದಿಂದ ಕಲಿತ ಕೆಲವು ಮಾತುಗಳನ್ನು ಬರೆದಿಡುತ್ತೇನೆ. ಮಾಡಿಗೋ ಗೋಡೆಗೋ ಏರಿದ ಬಳ್ಳಿಯನ್ನು ಹಸಿಯಾಗಿ ಎಳೆಯಬೇಡಿ. ಗಾರೆಯೂ ಹಂಚೂ ಅದರ ಜೊತೆಗೇ ಬರುತ್ತವೆ. ಬುಡದಲ್ಲಿ ಕಡಿದು, ಕೆಲವು ವಾರ ಒಣಗಲು ಬಿಟ್ಟು, ಹಿಡಿತ ಸಡಿಲವಾದ ಮೇಲೆ ಬಿಡಿಸಿ. ಅಮೃತಬಳ್ಳಿಗೆ ಈ ನಿಯಮ ಸಾಲದು. ಬುಡ ಕಡಿದರೆ ಮೇಲಿನ ತುಂಡೇ ದಾರದಂಥ ಬೇರನ್ನು ನೆಲಕ್ಕೆ ಇಳಿಸಿ ಮತ್ತೆ ಬದುಕುತ್ತದೆ, ಹೆಸರಿಗೆ ತಕ್ಕಂತೆ. 2020ರಲ್ಲಿ ಕಷಾಯಕ್ಕೆಂದು ಅದನ್ನು ನೆಟ್ಟವರೆಲ್ಲ ಒಮ್ಮೆ ಆವರಣ ಗೋಡೆಯ ಕಡೆ ನೋಡಿ. ಬಳ್ಳಿಗಿಂತ ಹೆಚ್ಚು ಅಪಾಯಕಾರಿ ಹಕ್ಕಿಯ ಹಿಕ್ಕೆಯಿಂದ ಗೋಡೆಯ ಸಂದಿನಲ್ಲಿ ಮೊಳೆಯುವ ಅಶ್ವತ್ಥ, ಗೋಳಿಗಳ ಸಸಿ. ಎರಡು ಎಲೆಯಿರುವಾಗಲೇ ಕೀಳಬೇಕು. ವಿದ್ಯುತ್ ಕಂಬಕ್ಕೂ ಆಧಾರತಂತಿಗೂ ಏರಿದ ಬಳ್ಳಿಯನ್ನು ಮಾತ್ರ ಯಾವ ಕಾರಣಕ್ಕೂ ನೀವು ಮುಟ್ಟಬೇಡಿ. ಆಧಾರತಂತಿಯ ನಡುವೆ ಒಂದು ನಿರೋಧಕವಿರುತ್ತದೆ. ಬಳ್ಳಿ ಅದನ್ನು ದಾಟಿ ಮೇಲಕ್ಕೂ ಕೆಳಕ್ಕೂ ಸೇತುವೆ ಕಟ್ಟಿರುತ್ತದೆ. ಸಂಬಂಧಪಟ್ಟವರಿಗೆ ತಿಳಿಸಿ, ಅವರು ಲೈನು ನಿಲ್ಲಿಸಿ ತೆಗೆಯಲಿ. ನನ್ನಂತೆ ನೆಟ್ಟವರೇ ದೂರು ಕೊಡುವ ಪ್ರಸಂಗ ನಿಮಗೆ ಬಾರದಿರಲಿ.

ಇನ್ನು ಬಂಧುಗಳಿಗೆ ಹೇಳಬೇಕಾದ ಮಾತು.

ಅಡುಗೆಕೋಣೆ ಹೋಯಿತು, ನಡುಮನೆ ಮತ್ತು ಜಗಲಿ ಉಳಿದಿವೆ. ಕಳೆದ ವರ್ಷ ಉಳಿದ ಮಾಡನ್ನು ಬಿಚ್ಚಿಸಿ, ಗಟ್ಟಿ ಹಂಚುಗಳನ್ನು ಆರಿಸಿ ಮತ್ತೆ ಹೊದಿಸಿದ್ದೇವೆ. ಅಮ್ಮನ ಕರಿಮೆಣಸನ್ನು ಕಡಿಯಲು ನನಗೆ ಮನಸ್ಸಾಗಲಿಲ್ಲ. ಗೋಡೆಯ ಮೇಲಿದ್ದುದನ್ನು ಕತ್ತರಿಸಿ, ಬುಡದ ಹೊಸ ಕುಡಿಗಳನ್ನು ಮತ್ತೆ ಹಲಸಿನ ಮರಕ್ಕೆ ಕಟ್ಟಿಸಿದೆ. ಈ ಮನೆಯನ್ನು ಇಟ್ಟುಕೊಳ್ಳಬೇಕೆ, ಮಾರಬೇಕೆ ಎಂಬ ಪ್ರಶ್ನೆ ನಮ್ಮ ನಡುವೆ ಏಳು ವರ್ಷಗಳಿಗೂ ಹೆಚ್ಚು ಕಾಲದಿಂದ ಹಾಗೆಯೇ ಇದೆ. ಯಾರೂ ಬಾಯಿಬಿಡುವುದಿಲ್ಲ. ಒಬ್ಬರ ಮನಸ್ಸು ಒಬ್ಬರಿಗೆ ನೋವಾದೀತೆಂಬ ಸಂಕೋಚ. ಆ ಸಂಕೋಚ ಒಳ್ಳೆಯದೇ, ಆದರೆ ಅದರ ಮೇಲೂ ಬಳ್ಳಿ ಹಬ್ಬುತ್ತದೆ.

ಮಾರುವುದಾದರೆ ಮಾರೋಣ. ಯಾರಾದರೂ ಬಂದು ಇರುವುದಾದರೆ ಇರಲಿ. ನಾನು ಯಾವುದಕ್ಕೂ ಅಡ್ಡಿಯಲ್ಲ. ತವರಿನ ಆಸ್ತಿಯಲ್ಲಿ ಪಾಲು ಕೇಳುವ ಉದ್ದೇಶವೂ ಇಲ್ಲ. ನನ್ನ ವಿನಂತಿ ಒಂದೇ: ನಿರ್ಧಾರವನ್ನು ನಾವು ಮಾಡೋಣ, ಬಳ್ಳಿಗೆ ಬಿಡುವುದು ಬೇಡ. ಇನ್ನೊಂದು ಮೂರು ಮಳೆಗಾಲ ಸುಮ್ಮನಿದ್ದರೆ ಅದೇ ನಿರ್ಧಾರ ಮಾಡಿ ಮುಗಿಸುತ್ತದೆ. ಆಗ "ಬಳ್ಳಿ ತಿಂದುಹಾಕಿತು" ಎಂದು ಹೇಳಿ ನಾವೆಲ್ಲ ಕೈತೊಳೆದುಕೊಳ್ಳಬಹುದು, ಆದರೆ ಅದು ಸುಳ್ಳಾಗುತ್ತದೆ.

ಡಿಸೆಂಬರ್ ತಿಂಗಳ ಕೊನೆಯ ಭಾನುವಾರ ಎಲ್ಲರೂ ಅಲ್ಲಿ ಸೇರೋಣ. ಮಕ್ಕಳನ್ನೂ ಕರೆತನ್ನಿ. ದೂರದಲ್ಲಿರುವವರು ಫೋನಿನಲ್ಲಾದರೂ ಜೊತೆಯಾಗಿ. ಎರಡು ಕತ್ತಿ, ಒಂದು ಏಣಿ ನಾನು ತರುತ್ತೇನೆ. ಬೆಳಗ್ಗೆ ದರೆಯ ಅಂಚಿನ ಬಳ್ಳಿ ಸವರೋಣ, ಮಧ್ಯಾಹ್ನ ಜಗಲಿಯಲ್ಲಿ ಕೂತು ಉಣ್ಣೋಣ, ಊಟದ ಮೇಲೆ ಮಾತಾಡೋಣ. ಬಾವಿಕಟ್ಟೆಯ ಬಳಿ ಈ ಸಲ ಬಸಳೆ ನೆಡಿಸಿ ಚಪ್ಪರ ಹಾಕಿಸಿದ್ದೇನೆ. ಅಂದಿನ ಊಟಕ್ಕೆ ಅದರದೇ ಪದಾರ್ಥ.

ವಿದ್ಯಾರ್ಥಿಗಳೇ, ನಿಮ್ಮ ನಿಮ್ಮ ಊರಿನ ಮನೆಗಳಿಗೂ ಒಮ್ಮೆ ಹೋಗಿ ಬನ್ನಿ. ಹೋದಾಗ ಮೊದಲು ಮಾಡಿನ ಕಡೆ ನೋಡಿ.

ಇತಿ ನಿಮ್ಮ ಟೀಚರ್.